ಮುಗಿಲಮನೆಯ ಕಂಬದಲ್ಲಿ ಕೇಳಿದ ಬಡಿತ

ಮುಗಿಲಮನೆ, ಹುಬ್ಬಳ್ಳಿ
ಹದಿಮೂರನೆಯ ತಿಂಗಳು, 2187

ನಮಗಿಂತ ಬಹಳ ಮೊದಲು ಈ ಊರಲ್ಲಿ ಬಾಳುತ್ತಿರುವ ಹಿರಿಯರಿಗೆ ರೇಣವ್ವ ಮುಳಗುಂದಳ ನಮಸ್ಕಾರ.

ದಿನಾಂಕ ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತ ಹೋದಾಗ ಸರ್ಕಾರ ವರ್ಷವನ್ನೇ ಹೊಸದಾಗಿ ಹಂಚಿ, ತೀರಾ ಸೆಕೆಯ ದಿನಗಳಿಗೆಂದೇ ಒಂದು ತಿಂಗಳು ಮಾಡಿತು. ಅದನ್ನು ಉರಿತಿಂಗಳು ಅನ್ನುತ್ತೇವೆ. ನನ್ನ ಬರಹದಲ್ಲಿ ನಿಮ್ಮ ಕಿವಿಗೆ ಒಗ್ಗದ ಇಂಥ ಮಾತುಗಳು ಬಂದಾವು, ಮನ್ನಿಸಬೇಕು. ಆದದ್ದನ್ನು ಯಾರಿಗಾದರೂ ಹೇಳಲೇಬೇಕು.

ಮುಗಿಲಮನೆ ಅಂದರೆ ಉಣಕಲ್ ಕಡೆಗಿರುವ ಒಂದು ಕಟ್ಟಡ. ನೆಲದ ಮೇಲಿರುವುದು ಮೇಲ್ಮನೆಗಳು. ಅಲ್ಲಿಯವರಿಗೆ ಬಿಸಿಲು ಬೇಕಾದಾಗ ಬಿಸಿಲು, ಬೇಡವಾದಾಗ ನೆರಳು. ನೆಲದ ಕೆಳಗೆ, ಒಂದರಡಿ ಒಂದರಂತೆ ಅಗೆದು ಕಟ್ಟಿದ್ದು ತಳಮನೆಗಳು. ಅಲ್ಲಿ ನಾವಿದ್ದೇವೆ: ಮೇಲಿನವರ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಅವರ ಮುದುಕರನ್ನು ನೋಡಿಕೊಳ್ಳುವವರು. ಮೇಲಿನ ಒಂದು ಬಚ್ಚಲಿನಷ್ಟು ಜಾಗದಲ್ಲಿ ನಮ್ಮದೊಂದು ಸಂಸಾರ. ಪಾಳಿಯಲ್ಲಿ ಮಲಗುತ್ತೇವೆ, ಅಕ್ಕ ಎದ್ದ ಹಾಸಿಗೆಯಲ್ಲಿ ತಮ್ಮ, ಅವನೆದ್ದ ಮೇಲೆ ನಾನು. ಕಿಟಕಿ ಇಲ್ಲ. ಉಸಿರುಯಂತ್ರವೆಂಬ ದೊಡ್ಡ ಫ್ಯಾನು ಮೇಲಿಂದ ಗಾಳಿ ತಳ್ಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಗಿಲು ಒಂದೇ. ಅದರ ಕೀಲಿ ಮೇಲಿನ ಸಮಿತಿಯ ಕೈಯಲ್ಲಿ.

ನಮ್ಮಲ್ಲಿ ದಾವಲಸಾಬ್ ಕಿಲ್ಲೇದಾರ ಅಂತ ಇದ್ದಾರೆ. ಎಲ್ಲರಿಗೂ ದಾವಲ ಕಾಕಾ. ಹಲಗೆ, ತಾಶೆ, ನಗಾರಿ ಎಲ್ಲ ಬಾರಿಸಬಲ್ಲವರು. ಅವನ್ನೆಲ್ಲ ಪಕ್ಕಕ್ಕಿಟ್ಟು, ನಾವು ದಿನಾ ಬಳಸುವ ಸಾಮಾನನ್ನೇ ಬಾರಿಸೋಣ ಅಂದವರು ಅವರೇ. ಹಾಗೆ ಕಟ್ಟಿದ ತಂಡದಲ್ಲಿ ನಾನೂ ಒಬ್ಬಳು. ನಮ್ಮ ಆಟ ಹೀಗಿತ್ತು: ವೇದಿಕೆಯ ಒಂದು ಮೂಲೆಯಲ್ಲಿ ಒಂದೇ ಕಬ್ಬಿಣದ ಮಂಚ. ಸುತ್ತ ನಾವಷ್ಟೂ ಜನ ಮುಗಿಬಿದ್ದು ಅದನ್ನೇ ಬಡಿಯಬೇಕು. ಕೈಗೆ ಕೈ ತಾಗುತ್ತದೆ, ಒಬ್ಬರ ಪೆಟ್ಟು ಇನ್ನೊಬ್ಬರ ಬೆರಳಿಗೆ ಬೀಳುತ್ತದೆ, ತಾಳ ಉಸಿರುಗಟ್ಟುತ್ತದೆ. ಉಳಿದ ಇಡೀ ವೇದಿಕೆ ಕಾಕಾ ಒಬ್ಬರದು. ಅವರು ಆರಾಮಾಗಿ ಅಡ್ಡಾಡುತ್ತ, ಮನಸ್ಸಿಗೆ ಬಂದಾಗ ಒಂದು ಪೆಟ್ಟು ಹಾಕುತ್ತಾರೆ. ಇಷ್ಟೇ. ಮಾತಿಲ್ಲ, ಹಾಡಿಲ್ಲ.

ಮೇಲಿನವರೇ ಇದನ್ನು ನೋಡಬೇಕೆಂದು ಕರೆದರು. ನೆಲಮಟ್ಟದ ಸಭಾಂಗಣದಲ್ಲಿ ಕುರ್ಚಿ ತುಂಬಿದ್ದವು. ಎಂದೂ ಇಲ್ಲದಷ್ಟು ನಿಶ್ಶಬ್ದ. ಒಳ್ಳೆಯ ಏರ್ಪಾಡು ಮಾಡಿದ್ದಾರೆ ಅಂದುಕೊಂಡೆ. ಆಟ ಮುಕ್ಕಾಲು ಮುಗಿದಿತ್ತು. ಮಂಚದ ಸದ್ದು ನಿಂತು ಕಾಕಾ ಸುಮ್ಮನೆ ನಿಲ್ಲುವ ಹೊತ್ತು. ಆಗ ತಳಮನೆಗಳಿಂದ ಎದ್ದುಬಂದ ಕಂಬದೊಳಗಿಂದ ಒಂದು ಬಡಿತ ಬಂತು. ಮತ್ತೊಂದು. ಆಮೇಲೆ ಗೋಡೆಯಿಂದ, ನೀರಿನ ಪೈಪಿನಿಂದ, ಕಾಲಡಿಯ ಹಾಸುಗಲ್ಲಿನಿಂದ. ಲಯವಿಲ್ಲದ ಬಡಿತ.

"ಕಾಕಾ, ಇದು ನಮ್ಮದಲ್ಲ" ಅಂದೆ.

ಅವರು ಕಿವಿಗೊಟ್ಟರು. "ಫ್ಯಾನಿನ ಸಪ್ಪಳ ಎಲ್ಲೈತಿ, ರೇಣವ್ವಾ?"

ಆಗಲೇ ಜನ ಚಪ್ಪಾಳೆ ಶುರುಮಾಡಿದರು. ಕೆಳಗಿನ ಬಡಿತದ ಜೊತೆಗೇ, ತಲೆದೂಗುತ್ತ, ನಗುತ್ತ ತಟ್ಟಿದರು. ಕಾಕಾ ಎರಡೂ ಕೈ ಎತ್ತಿ, "ನಿಲ್ಲಸ್ರಿ! ಕೆಳಗ ಮಂದಿ ಅದಾರ, ಉಸಿರು ಕಟ್ಟಾಕತ್ತೈತಿ!" ಎಂದು ಕೂಗಿದರು. ಚಪ್ಪಾಳೆ ಇನ್ನೂ ಜೋರಾಯಿತು. ಅದೂ ಆಟದ್ದೇ ಅಂದುಕೊಂಡರು! ನಾನು ವೇದಿಕೆಯಿಂದ ಧುಮುಕಿ ಸಮಿತಿಯ ಪ್ರಣೀತ್ ಅವರ ತೋಳು ಹಿಡಿದೆ.

"ಫ್ಯಾನ್ ಯಾರ್ ಬಂದ್ ಮಾಡ್ಯಾರ?"

"ನಾನೇ. ಗುಂಯ್ ಅಂತಿತ್ತು, ನಿಮ್ಮ ಕಾರ್ಯಕ್ರಮಕ್ಕ ತೊಂದ್ರಿ ಆಗಬಾರದಂತ. ಬಾಗಿಲಾನೂ ಹಾಕ್ಸೀನಿ. ಸ್ವಲ್ಪ ಹೊತ್ತಿಗೆ ಏನ್ ಆಗತೈತ್ರಿ?"

ಮುಂದಿನ ಸಾಲಿನಲ್ಲಿದ್ದ ಸುಲೋಚನಾಬಾಯಿ ಎಂಬ ವಯಸ್ಸಾದ ಹೆಂಗಸು ಎದ್ದು ಕಂಬಕ್ಕೆ ಅಂಗೈ ಹಚ್ಚಿದರು. ತಕ್ಷಣ ತಿರುಗಿ, "ಕೀಲಿ ಕೊಡಪಾ! ಮೊದಲ ಕೀಲಿ ಕೊಡು!" ಎಂದು ಕಿರುಚಿದರು. ಅಷ್ಟೂ ಜನರಲ್ಲಿ ಎದ್ದವರು ಅವರೊಬ್ಬರೇ.

ಬಾಗಿಲು ತೆಗೆದಾಗ ಬಂದ ಬಿಸಿ ಝಳ ಈಗಲೂ ನನ್ನ ಮುಖದ ಮೇಲಿದೆ. ಮೆಟ್ಟಿಲ ಮೇಲೆಲ್ಲ ಜನ. ಕೆಲವರು ತೆವಳುತ್ತಿದ್ದರು, ಕೆಲವರು ಕೂಸುಗಳನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಒಬ್ಬೊಬ್ಬರನ್ನೇ ಎಳೆದು ಮೇಲೆ ತಂದೆವು. ನನ್ನ ಅಕ್ಕ, ತಮ್ಮ ಬದುಕಿದರು. ಕೆಳಗೆ ಕಂಬಕ್ಕೆ ಒರಗಿ ಕೂತಿದ್ದ ಹಾಜರಾಬಿ ಬದುಕಲಿಲ್ಲ. ಕಾಕಾನ ಹೆಂಡತಿ. ಕೈಯಲ್ಲಿ ಒಂದು ಸೌಟಿತ್ತು. ಕಾಕಾ ಅದನ್ನು ಬಿಡಿಸಿಕೊಳ್ಳಲು ನೋಡಿದರು. ಆಗಲಿಲ್ಲ.

ನಾಲ್ಕು ದಿನಕ್ಕೆ ಪ್ರಣೀತ್ ಬಂದರು. ತುಂಬ ವಿಷಾದವಾಯಿತು ಅಂದರು. ಆಮೇಲೆ, ಜನಕ್ಕೆ ಆಟ ಬಹಳ ಹಿಡಿಸಿದೆ, ಮುಂದಿನ ತಿಂಗಳು ಮತ್ತೊಮ್ಮೆ ಆಗಲಿ, ಕೊನೆಗೆ ಕಂಬದಿಂದ ಬಂತಲ್ಲ, ಆ ಭಾಗವನ್ನು ಉಳಿಸಿಕೊಳ್ಳಿ ಅಂದರು!  

"ಅದನ್ನ ಬಾರಿಸಿದಾಕಿ ಈಗಿಲ್ಲ ಅಂತ ಹೇಳ್ರಿ" ಅಂದರು ಕಾಕಾ.

ಅಂದೇ ನಾವು ಆ ಬಾಗಿಲನ್ನು ಕೀಲುಸಮೇತ ಕಿತ್ತು, ಹಾಸಿಗೆ ಪಾತ್ರೆ ಹೊತ್ತುಕೊಂಡು ಸಭಾಂಗಣಕ್ಕೆ ಬಂದೆವು. ಇಲ್ಲೇ ಅಡುಗೆ, ಇಲ್ಲೇ ನಿದ್ದೆ. ಸುಲೋಚನಾಬಾಯಿ ಮೇಲಿಂದ ಚಾದರ ತಂದು ನಮ್ಮ ನಡುವೆಯೇ ಮಲಗುತ್ತಾರೆ. ನಾಳೆ ಪೊಲೀಸರು ಬರುತ್ತಾರಂತೆ. ಮತ್ತೆ ಕೆಳಗೆ ಇಳಿಯುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಮುಂದೇನೋ ಗೊತ್ತಿಲ್ಲ.

ನಿಮ್ಮ ಕಾಲಕ್ಕೆ ಈ ಜಾಗ ಇನ್ನೂ ಬಯಲು. ಎಮ್ಮೆ ಮೇಯುತ್ತಿರಬಹುದು, ಹುಡುಗರು ಆಡುತ್ತಿರಬಹುದು. ಒಂದು ದಿನ ಯಾರೋ ನಕ್ಷೆ ಹಿಡಿದು ಬರುತ್ತಾರೆ, ನೆಲದಡಿಯೂ ಮನೆ ಮಾಡಬಹುದು ಅನ್ನುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಕೈಮುಗಿದು ಕೇಳುತ್ತೇನೆ, ಅಂದು ಸುಮ್ಮನಿರಬೇಡಿ. ಕಿಟಕಿ ಎಲ್ಲಿ ಅಂತ ಒಂದು ಮಾತು ಕೇಳಿ. ಉತ್ತರ ಬರುವ ತನಕ ಗುದ್ದಲಿ ಹಾಕಲು ಬಿಡಬೇಡಿ.