ಬಾಗಿಲಿನ ಗಾಯ

ತಾ. 9, ಬೆಳಗ್ಗೆ

ಕೆಟ್ಟ ಕನಸು. ಬಸ್ಸು ಹೊರಟಿದೆ, ನನ್ನ ಪೆಟ್ಟಿಗೆ ರಸ್ತೆಯಲ್ಲಿ. ಕೂಗೋಣವೆಂದರೆ ಬಾಯಿ ತುಂಬ ಏನೋ. ಎದ್ದು ಬಾಯಿ ತೊಳೆದೆ. ಮತ್ತೆ ತೊಳೆದೆ.

ಬರೆದರೆ ಎದೆ ಹಗುರವಾದೀತೋ ಏನೋ. ಮಗಳಿಗೆ ಕೂಸಾಗಿದೆ, ನೋಡಿಕೊಳ್ಳಲು ಬಂದವಳು ನಾನು. ನಿನ್ನೆ ಏರ್‌ಪೋರ್ಟಿನಿಂದ ಊರೊಳಗೆ ಬರುವ ಬಸ್ಸು ಹತ್ತಿದೆ. ಪೆಟ್ಟಿಗೆಯನ್ನು ಬಾಗಿಲ ಪಕ್ಕವೇ ಇಡಬೇಕಂತೆ. ನಾನು ಬಿಡಲಿಲ್ಲ. ಡ್ರೈವರ್ ಅಂದ, "ಪೆಟ್ಟಿಗೆಗೇನು ರೆಕ್ಕೆ ಇದ್ಯಾ? ಹೋಗಿ ಕೂತ್ಕೊಳ್ಳಮ್ಮ."

ಕೂತೆ. ಪೆಟ್ಟಿಗೆಯ ಮೇಲೇ ಕಣ್ಣು. ಎಲ್ಲೋ ನಿದ್ದೆ ಹತ್ತಿಬಿಟ್ಟಿದೆ...

ಎಚ್ಚರಾದಾಗ ಬಸ್ಸು ನಿಂತಿತ್ತು. ಟೋಪಿ ಹಾಕಿದ ಮುದುಕ ನನ್ನ ಪೆಟ್ಟಿಗೆ ಇಳಿಸುತ್ತಿದ್ದಾನೆ! "ಕಳ್ಳ! ಕಳ್ಳ!" — ಓಡಿಹೋಗಿ ಹಿಡಿಕೆಗೆ ಜೋತುಬಿದ್ದೆ. ಅವನು ಕೈ ಬಿಡಲಿಲ್ಲ. ಕಚ್ಚಿದೆ. ಹೆಬ್ಬೆರಳು. ರಕ್ತ ಬರುವ ಹಾಗೆ.

"ಬೀಗರೇ... ನಾನು ರೀ," ಅಂದರು.

ಮಗಳ ಮಾವ. ಕರೆದೊಯ್ಯಲು ಬಂದವರು. ಮದುವೆಯಲ್ಲಿ ಕಂಡಾಗ ಇಷ್ಟು ದಪ್ಪ ಮೀಸೆ, ಈಗ ಬೋಳಿಸಿದ್ದಾರೆ. ನಿದ್ದೆಯಲ್ಲಿದ್ದಾರೆ, ಮೊದಲು ಪೆಟ್ಟಿಗೆ ಇಳಿಸಿ ಆಮೇಲೆ ಎಬ್ಬಿಸೋಣ ಅಂದುಕೊಂಡರಂತೆ. ಬಸ್ಸಿನವರೆಲ್ಲ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದಿತ್ತೇ.

ಮನೆಯಲ್ಲಿ ಮಗಳು ಕೇಳಿದಳು, "ಇದೇನ್ ಮಾವ, ಬೆರಳಿಗೆ?"

"ಬಸ್ಸಿನ ಬಾಗಿಲು ಕಣಮ್ಮ, ಸಿಕ್ಕಾಕ್ಕೊಂಡ್ತು."

ನನ್ನ ಕಡೆ ನೋಡಲೂ ಇಲ್ಲ. ನಾನೂ ಹೂಂ ಅಂದೆ. ಅಯ್ಯೋ, ಹೂಂ ಅಂದೆನಲ್ಲ.

ತಾ. 10

ಬೀಗರು ಟೈಲರ್. ಮುಂದಿನ ಕೋಣೆಯೇ ಅಂಗಡಿ. ಬೆರಳಿಗೆ ಬಟ್ಟೆ ಸುತ್ತಿದೆ, ಕತ್ತರಿಯ ಹಿಡಿಯೊಳಗೆ ಹೋಗುತ್ತಿಲ್ಲ. ಎಡಗೈಯಲ್ಲಿ ಹಿಡಿದು ನೋಡಿದರು, ಸೊಟ್ಟಗೆ ಹೋಯಿತು. ಟೀ ಇಟ್ಟು ಓಡಿಬಂದೆ.

ಮಗಳು ನಕ್ಕಳು. "ಯಾಕಮ್ಮ ಮಾವನ್ನ ಕಂಡ್ರೆ ಹಂಗ್ ಹೆದರ್ತೀಯಾ? ಅವ್ರೇನ್ ಕಚ್ತಾರಾ?"

ಕೂಸಿನ ಬಟ್ಟೆ ಒಗೆಯಲು ಹೋದೆ. ಒಗೆದದ್ದನ್ನೇ ಒಗೆದೆ.

ತಾ. 13, ಸಂಜೆ

ಬರೆಯಲು ಕೈ ಬಂದಿರಲಿಲ್ಲ. ಬೀಗರ ಬೆರಳು ಬಾತಿದೆ. ಅವರಿಗೆ ಜ್ವರ. ಮುಂಗೈವರೆಗೂ ಕೆಂಪು. ಅಳಿಯ ಆಸ್ಪತ್ರೆಗೆ ಫೋನ್ ಮಾಡಿದ. ಏನು ತಾಗಿ ಆದ ಗಾಯ ಅಂತ ಆ ಕಡೆಯಿಂದ ಕೇಳಿದರು. "ಬಾಗಿಲು," ಅಂದ.

ನಾನೇನು ಓದಿದವಳಲ್ಲ. ಆದರೂ ಹಲ್ಲಿನ ಗಾಯಕ್ಕೆ ಔಷಧಿ ಬೇರೆ ಇದ್ದೀತಲ್ಲ? ಹೇಳಿದರೆ ಈ ಮನೆಯಲ್ಲಿ ಮಗಳು ತಲೆ ಎತ್ತುವ ಹಾಗಿಲ್ಲ. ಹೇಳದಿದ್ದರೆ ಆ ಬೆರಳು...

ಹೊರಟವರಿಗೆ ಅಡ್ಡ ನಿಂತೆ. "ಬಾಗಿಲಲ್ಲ. ನಾನು. ನಾನೇ ಕಚ್ಚಿದ್ದು. ಕಳ್ಳ ಅಂದ್ಕೊಂಡು."

ಅಳಿಯ ಕಣ್ಣು ಕಣ್ಣು ಬಿಟ್ಟ. ಮಗಳು ಕೂತಲ್ಲೇ ಮುಖ ತಿರುಗಿಸಿದಳು. ಬೀಗರು ಮಾತ್ರ ಜ್ವರದಲ್ಲೂ ನಕ್ಕರು.

"ಹೋಗ್ಲಿ ಬಿಡಿ ಬೀಗರೇ. ಡಾಕ್ಟ್ರ ಹತ್ರ ನಾಯಿ ಅಂದ್ಬಿಟ್ರಾಯ್ತು."

"ನಾಯಿ ಅನ್ಬೇಡಿ! ಅದರ ಇಂಜೆಕ್ಷನ್ನೇ ಬೇರೆ!" ಕಿರುಚಿಬಿಟ್ಟೆ. ಯಾರೂ ನಗಲಿಲ್ಲ. ಹೋದರು.

ಮಗಳು ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ಬೇಡ, ಕೊಡದಿರಲಿ. ಅಳಿಯ ಫೋನ್ ಮಾಡಿದ್ದ, ಅಡ್ಮಿಟ್ ಮಾಡಿಕೊಂಡರಂತೆ. ಅಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಆಚೆಯಿಂದಲೇ ಅಂದೆ —

"ಬಯ್ಯೋದಿದ್ರೆ ಆಮೇಲೆ ಬಯ್ಯಿ. ಗಂಡನಿಗೆ ಇನ್ನೊಂದ್ಸಲ ಫೋನ್ ಮಾಡಿ ಕೇಳೆ. ಹಲ್ಲು ಅಂತಾನೇ ಹೇಳಿದ್ನಾ? ಮನುಷ್ಯರ ಹಲ್ಲು ಅಂತ —"