ಕೊನೆಯ ಹತ್ತು ನಿಮಿಷದ ಗೋಲುಗಳು

ಸ್ತಾರೋ ಒಕ್ನೋ, ಸೆರ್ಬಿಯಾ
೮ ನವೆಂಬರ್ ೧೯೮೪, ಗುರುವಾರ

ನನ್ನ ಪ್ರೀತಿಯ ಮಿಲೂನ್,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಆ ಲಿಬಿಯಾದ ಮರಳುಗಾಡಿನಲ್ಲಿ ಸಿಮೆಂಟು ಹೊತ್ತು ಹೊತ್ತು ಇನ್ನೆಷ್ಟು ಬಾಗುತ್ತೀಯೋ ದೇವರೇ ಬಲ್ಲ. ಉಣ್ಣೆಯ ನಡುಪಟ್ಟಿ ಕಳಿಸಿದ್ದೆನಲ್ಲ, ಅಲ್ಲಿ ಸೆಖೆ ಎಂದು ಪೆಟ್ಟಿಗೆಗೆ ಹಾಕಿದ್ದರೆ ಈಗಲೇ ತೆಗೆದು ಕಟ್ಟಿಕೋ. ನಾನು ಗಟ್ಟಿಯಾಗಿದ್ದೇನೆ. ಕೆಂಪು ಮೆಣಸಿನಕಾಯಿ ಸುಟ್ಟು, ಅರೆದು, ಚಳಿಗಾಲಕ್ಕೆ ಜಾಡಿ ತುಂಬಿಸಿದ್ದಾಯಿತು. ನಿನ್ನ ತಾಯಿ ಎಂದಿನಂತೆ ಉಪ್ಪು ಸಾಲದು ಎಂದರು. ಎಂದರೆ ಎನ್ನಲಿ, ನಾನು ಮುಚ್ಚಳ ಬಿಗಿದೆ.

ನಿನ್ನ ಪತ್ರದಲ್ಲಿ ನನ್ನ ಆರೋಗ್ಯಕ್ಕೆ ಒಂದು ಸಾಲು, ಫುಟ್‌ಬಾಲಿಗೆ ಎರಡು ಹಾಳೆ! ‘ಎಂಬತ್ತು ನಿಮಿಷ ನಮ್ಮ ಹುಡುಗ್ರು ಚೆನ್ನಾಗೇ ಆಡ್ತಾರೆ, ಆಮೇಲೆ ಇವಕ್ಕೇನು ದೆವ್ವ ಮೆಟ್ಕೊಳ್ಳುತ್ತಾ? ಪ್ರತಿ ಭಾನುವಾರ ಕೊನೇಲೇ ಗೋಲು ಬಿಟ್ಕೊಡೋದು ಯಾಕೆ?’ ಎಂದು ಬೈದಿದ್ದೀಯಾ. ಊರಿಗೆ ಊರೇ ಅದನ್ನೇ ಕೇಳುತ್ತಿದೆ. ಕ್ಷೌರದಂಗಡಿಯ ರಾದಿಸಾವ್ ಬಂದವರ ಗಡ್ಡಕ್ಕೆಲ್ಲ ಸೋಪು ಹಚ್ಚುತ್ತಾ ‘ಶನಿವಾರ ರಕಿಯಾ ಸಾರಾಯಿ ಕುಡೀತಾರೆ, ಭಾನುವಾರ ಕಾಲು ಎಳೀತಾರೆ’ ಎಂದು ತೀರ್ಪು ಕೊಡುತ್ತಾನೆ. ನಿನ್ನ ತಾಯಿಯ ಪ್ರಕಾರ ಕಣ್ಣು ಬಿದ್ದಿದೆ. ಗೋಲಿನ ಕಂಬದ ಬುಡದಲ್ಲಿ ಬೆಳ್ಳುಳ್ಳಿ ಹೂತು ಬಂದಿದ್ದಾರೆ, ನಗಬೇಡ. ನಿಜವಾದ ಕಾರಣ ನನಗೆ ಗೊತ್ತು. ನಿನಗೆ ಬರೆಯಕೂಡದೆಂದು ಮಗ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ಆ ಆಣೆ ಒಲೆಗೆ ಬೀಳಲಿ, ಬರೆಯುತ್ತೇನೆ.

ನಮ್ಮ ಸ್ರೆತೆನನ ಹೃದಯ ಸರಿಯಿಲ್ಲ, ಮಿಲೂನ್. ಬೇಸಿಗೆಯಲ್ಲಿ ಒಮ್ಮೆ ಮೆಟ್ಟಿಲ ಮೇಲೆ ಕುಸಿದು ಕೂತ. ಪಟ್ಟಣದ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಇನ್ನು ಮೇಲೆ ಓಡಕೂಡದು ಎಂದರು. ಇವನು ತಲೆಯಾಡಿಸಿ ಬಂದು ಮರುದಿನವೇ ಆಟದ ಬೂಟು ಕಟ್ಟಿದ. ತಂಡದ ಹುಡುಗರೆಲ್ಲ ಗಣಿಯಲ್ಲಿ ಅವನ ಪಾಳಿಯವರೇ ಅಲ್ಲವೇ, ಅವರಿಂದ ಏನು ಮುಚ್ಚಿಡಲು ಸಾಧ್ಯ? ಆಟ ಮುಗಿಯುವ ಹೊತ್ತಿಗೆ ಅವನ ತುಟಿ ನೀಲಿಯಾಗುತ್ತದೆ. ಗೋಲಿನ ಮುಂದೆ ನಡುವಿನಲ್ಲಿ ನಿಂತು ಎದುರಾಳಿಗಳನ್ನು ತಡೆಯಬೇಕಾದವನು ಮಂಡಿ ಹಿಡಿದು ಬಗ್ಗಿ ನಿಲ್ಲುತ್ತಾನೆ. ಅವನ ಜಾಗ ತುಂಬಲು ಎಡಗಡೆಯವನು ಓಡಿ ಬರುತ್ತಾನೆ, ಎಡಗಡೆ ತುಂಬಲು ಇನ್ನೊಬ್ಬ. ಎಲ್ಲೋ ಒಂದು ಕಡೆ ಖಾಲಿ ಬಿದ್ದೇ ಬೀಳುತ್ತದೆ, ಚೆಂಡು ಅಲ್ಲಿಂದಲೇ ಬರುತ್ತದೆ. ಜನ ಆ ಎಡಗಡೆಯವನ ಹೆತ್ತವರನ್ನು ಬೈಯುತ್ತಾರೆ. ಅವನು ತುಟಿ ಪಿಟಕ್ಕೆನ್ನುವುದಿಲ್ಲ.

ಬದಲಿಗೆ ಬೇರೆಯವನನ್ನು ಇಳಿಸಬಾರದೇ ಎಂದು ಬೇರೆ ಊರಿನವರು ಕೇಳಿಯಾರು. ನೀನು ಕೇಳಲಾರೆ. ಹಿಂದೊಮ್ಮೆ ಗಣಿಯ ಚಾವಣಿ ಕುಸಿದಾಗ ನಿನ್ನ ಜೊತೆ ಒಳಗೆ ಸಿಕ್ಕಿಕೊಂಡ ಹನ್ನೊಂದು ಜನಕ್ಕೆ ‘ಒಬ್ರೇ ಮೇಲೆ ಹೋಗೋದು ಬೇಡ. ಒಟ್ಟಿಗೆ ಇಳಿದಿದ್ದೀವಿ, ಒಟ್ಟಿಗೇ ಹತ್ತೋಣ’ ಎಂದು ಹೇಳಿದವನು ನೀನು. ಹೊರಗೆ ಬಂದ ಮೇಲೆ ತಂಡದ ಕೋಚ್ ಆಗಿ ಅದನ್ನೇ ಮೈದಾನಕ್ಕೂ ತಂದೆ. ಅಂದಿನಿಂದ ನಮ್ಮ ತಂಡ ಆಟದ ನಡುವೆ ಒಬ್ಬನನ್ನೂ ಹೊರಗೆ ಕರೆದಿಲ್ಲ. ಬದಲಿ ಹುಡುಗರಿಬ್ಬರು ಕೋಟು ಹೊದ್ದು ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ತಿನ್ನುತ್ತಾ ಕೂತಿರುತ್ತಾರೆ.

ಹೋದ ಭಾನುವಾರ ತಡೆಯಲಾರದೆ ಬೆಂಚಿನ ಹತ್ತಿರವೇ ಹೋದೆ. ನಿನ್ನ ಜಾಗದಲ್ಲಿ ಈಗ ಕೋಚ್ ಆಗಿರುವ ತ್ರಿಫುನ್‌ಗೆ, ‘ನನ್ನ ಮಗನನ್ನ ಈಚೆ ಕರಿ’ ಎಂದೆ. ಅವನ ಮುಖ ಬಿಳುಚಿತು. ‘ಸ್ಪಾಸೇನಿಯಾ, ನಿನ್ನ ಕಾಲಿಗೆ ಬೀಳ್ತೀನಿ, ನನ್ ಕೈಲಿ ಇದನ್ನ ಮಾಡಿಸ್ಬೇಡ. ಅವತ್ತು ಒಳಗೆ ನಾನೂ ಇದ್ದೆ ಕಣಮ್ಮ. ಮಿಲೂನ್ ಒಂದು ಮಾತು ಹೇಳ್ಲಿ, ಆ ಕ್ಷಣವೇ ಕರೀತೀನಿ’ ಎಂದ. ಹಿಂದಿನಿಂದ ಯಾವನೋ ‘ನೋಡ್ರೋ, ಮಗನಿಗೆ ಹಾಲು ಕುಡಿಸೋಕೆ ಬಂದ್ಲು!’ ಎಂದು ಕೂಗಿದ. ಎಲ್ಲರೂ ಹೋ ಎಂದು ನಕ್ಕರು. ಮನೆಗೆ ಬಂದ ಸ್ರೆತೆನ್ ಊಟದ ತಟ್ಟೆ ಮುಟ್ಟಲಿಲ್ಲ. ‘ಅಮ್ಮಾ, ಅಪ್ಪ ಆ ಕತ್ತಲಲ್ಲಿ ಮೂರು ದಿನ ಕೂತಿದ್ದ. ನಂಗೆ ಹತ್ತು ನಿಮಿಷ ನಿಲ್ಲೋಕಾಗಲ್ವಾ?’ ಎಂದ. ಆಗ ನಿನ್ನ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ?

ಅಂದು ನೀನು ಹೇಳಿದ್ದು ಸರಿ. ಗಣಿಯ ಬಾಯಲ್ಲಿ ನಿಂತು ಮೂರು ದಿನವೂ ಕಾದವಳು ನಾನು, ತಪ್ಪೆನ್ನುವುದಿಲ್ಲ. ಆದರೆ ಅಲ್ಲಿ ನಿಮ್ಮ ಬದಲು ಇಳಿಯುವವರು ಯಾರೂ ಇರಲಿಲ್ಲ. ಇಲ್ಲಿ ಗಟ್ಟಿ ಎದೆಯ ಇಬ್ಬರು ಸುಮ್ಮನೆ ಬೀಜ ತಿನ್ನುತ್ತಾ ಕೂತಿದ್ದಾರೆ! ತ್ರಿಫುನ್‌ಗೆ ಒಂದು ಸಾಲು ಬರೆ: ‘ಸ್ರೆತೆನನನ್ನು ಹೊರಗೆ ಕರಿ.’ ಅಷ್ಟು ಸಾಕು. ನೀನು ಬರೆದರೆ ಮಗನಿಗೂ ಅವಮಾನವಿಲ್ಲ. ನನ್ನ ಮಾತು ಇಲ್ಲಿ ಯಾರೂ ಕೇಳುವುದಿಲ್ಲ, ನೀನಾದರೂ ಕೇಳು.

ನಿನ್ನ ತಾಯಿ ನಿನ್ನ ಹಣೆಗೆ ಮುತ್ತಿಟ್ಟು ಹರಸಿದ್ದಾರೆ, ಕುದಿಸದ ನೀರು ಕುಡಿಯಬೇಡ ಎಂದಿದ್ದಾರೆ. ಮಗ ‘ಅಪ್ಪನಿಗೆ ನಾನು ಚೆನ್ನಾಗಿದೀನಿ ಅಂತ ಬರಿ’ ಎಂದಿದ್ದಾನೆ. ಬರೆದಿದ್ದೇನೆ ನೋಡು.

ನಿನ್ನನ್ನೇ ಕಾಯುತ್ತಿರುವ,
ಸ್ಪಾಸೇನಿಯಾ

ತಾ.ಕ. ಸೋಮವಾರ ಬೆಳಿಗ್ಗೆ. ಅಂಚೆ ಚೀಲ ಇನ್ನೂ ಹೊರಟಿಲ್ಲ, ಲಕೋಟೆ ಒಡೆದು ಬರೆಯುತ್ತಿದ್ದೇನೆ. ನಿನ್ನೆ ಅವನು ಬಿದ್ದ. ಆಟ ಇನ್ನೂ ಮುಗಿದಿರಲಿಲ್ಲ. ಉಳಿದ ಹತ್ತೂ ಜನ ಚೆಂಡು ಬಿಟ್ಟು ಅವನನ್ನು ಹೊತ್ತುಕೊಂಡು ಹೊರಗೆ ಬಂದರು, ಮೈದಾನದಲ್ಲಿ ನಮ್ಮವರು ಒಬ್ಬರೂ ಉಳಿಯಲಿಲ್ಲ. ನನ್ನ ಮಡಿಲಲ್ಲಿ ಕಣ್ಣು ತೆರೆದು ‘ನನ್ನ ಹೊರಗೆ ಕರೆದ್ರಾ ಅಮ್ಮಾ?’ ಎಂದು ಕೇಳಿದ. ‘ಇಲ್ಲ ಕಂದಾ, ಸೀಟಿ ಊದಾಯ್ತು, ಎಲ್ರೂ ಬಂದ್ರು’ ಎಂದೆ. ಅವನು ಕಣ್ಣು ಮುಚ್ಚಿದ, ಮತ್ತೆ ತೆರೆಯಲಿಲ್ಲ. ಇನ್ನು ಆ ಸಾಲು ಬರೆಯಬೇಡ, ಬಾ. ಟೆಲಿಗ್ರಾಂ ಇದಕ್ಕಿಂತ ಮೊದಲೇ ನಿನ್ನ ಕೈ ಸೇರಿರುತ್ತದೆ, ಏನಾಯಿತೆಂದು ಅದರಲ್ಲಿದೆ. ಯಾಕೆ ಎಂದು ನೀನೇ ಕೇಳಿದ್ದೆಯಲ್ಲ, ಅದಕ್ಕೇ ಈ ಪತ್ರವನ್ನು ಹರಿಯದೆ ಕಳಿಸುತ್ತಿದ್ದೇನೆ.