ಗೋಡೆ ಮೀರಿದ ಒಂದು ಗೇಣು

ಮಾರ್ಚ್ 4, ಬೆಳಿಗ್ಗೆ 11
ಗೋಡೆ ಅಳೆದೆ. ಮತ್ತೊಮ್ಮೆ ಅಳೆದೆ. ಹೆಂಡತಿಯ ಹೊಲಿಗೆ ಟೇಪಿನಲ್ಲಿ ಸರಿಯಾಗಿ ಮೂರು ಸಲ — ಅರವತ್ತರ ಮೂರು, ನೂರೆಂಬತ್ತು ಇಂಚು. ಅವಳು ತಂಗಿಯ ಮನೆಯಲ್ಲಿದ್ದಾಳೆ. ಬರುವಷ್ಟರಲ್ಲಿ ಮುಗಿಯಬೇಕು. ಅವಳ ಹೊಲಿಗೆ ತರಗತಿಯ ಹಳೇ ಫೋಟೋವನ್ನು ಗೋಡೆ ತುಂಬುವಷ್ಟು ದೊಡ್ಡದು ಮಾಡಿಸುತ್ತಿದ್ದೇನೆ. ಹನ್ನೆರಡು ಹುಡುಗಿಯರು. ಬಲತುದಿಯಲ್ಲಿ ಕೈಕಟ್ಟಿ ನಿಂತವಳು ಇವಳು. ಹತ್ತೊಂಬತ್ತರ ವಯಸ್ಸು.

ಮುದ್ರಣದ ಅಂಗಡಿಯಲ್ಲಿ ಮಷೀನಿನ ಮುಂದಿದ್ದ ಹೆಂಗಸು ಅಳತೆ ಬರೆದುಕೊಂಡಳು. ಎತ್ತರದ ಚಿಂತೆ ಬೇಡವಂತೆ, ಮೇಲೆ ಬರೀ ಆಕಾಶ, ಎಷ್ಟು ಬೇಕಾದರೂ ಕತ್ತರಿಸಬಹುದು. "ಅಗಲ ಮಾತ್ರ ನಮ್ಮೋರ್ನ ಕಳಿಸಿ ಒಂದ್ಸಲ ಅಳೆಸ್ಲಾ ಸಾರ್?" ನಲವತ್ತು ವರ್ಷ ಓದುಗರ ಪತ್ರ ಬರೆದು ಪತ್ರಿಕೆಗಳ ತಪ್ಪು ಹಿಡಿದವನಿಗೆ! "ಬೇಡಮ್ಮ. ನಾನು ಅಳೆದ್ರೆ ಮುಗೀತು" ಎಂದೆ.

ಮಾರ್ಚ್ 9
ಗೋಡೆ ಮುಗಿಯಿತು, ಕಾಗದ ಮುಗಿಯಲಿಲ್ಲ. ಅಂಗಡಿಯವರು ಕಳಿಸಿದವನು ಎಡದಿಂದ ಅಂಟಿಸುತ್ತ ಬಂದಿದ್ದ. ಬಲಕ್ಕೆ ಒಂದು ಗೇಣು ಉಳಿಯಿತು. ಆ ಗೇಣಿನಲ್ಲಿ ನನ್ನ ಹೆಂಡತಿ.

"ಕಾಗದ ನೂರೆಂಬತ್ತೇ ಇದೆ ಸಾರ್. ಗೋಡೆನೇ ನೂರೆಪ್ಪತ್ತೊಂದು" ಎಂದ ಅಂಟಿಸುವವನು.

"ಯಾಕಪ್ಪಾ, ಗೋಡೆ ಡಯಟ್ ಮಾಡ್ತಾ?"

ಟೇಪ್ ತಂದು ಅವನ ಮುಂದೆಯೇ ಅಳೆದೆ. ಗೋಡೆ ನೂರೆಂಬತ್ತು. ಅದೇ ಟೇಪಿನಲ್ಲಿ ಕಾಗದ ಅದಕ್ಕಿಂತ ಒಂದಡಿ ಹೆಚ್ಚು! ಅವನು ಸಾಮಾನು ಕಟ್ಟಿಕೊಂಡು ಹೋದ. ಉಳಿದದ್ದು ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ನೇತಾಡುತ್ತಿದೆ.

ಪತ್ರಿಕೆಗೆ ಬರೆದೆ, ಅಂಗಡಿಯ ಹೆಸರು ಸಹಿತ. "ಅಳತೆ ಬರೆದುಕೊಂಡ ಸಿಬ್ಬಂದಿಯ ಬೇಜವಾಬ್ದಾರಿ" — ಸಾಲು ಚೆನ್ನಾಗಿ ಬಂದಿದೆ.

ಮಾರ್ಚ್ 12
ಪತ್ರ ಅಚ್ಚಾಗಿದೆ. ಒಂದಕ್ಷರವನ್ನೂ ಕತ್ತರಿಸಿಲ್ಲ.

ಮಾರ್ಚ್ 13, ಸಂಜೆ 5
ಹೆಂಡತಿ ಬಂದಳು. ಸುರುಳಿ ಬಿಡಿಸಿ ತನ್ನನ್ನೇ ನೋಡಿಕೊಂಡಳು. ನಾನು ಪತ್ರ ಓದಿ ಹೇಳಿದೆ. ಸ್ವಲ್ಪ ಜೋರಾಗಿಯೇ.

"ಯಾವ ಟೇಪಲ್ಲಿ ಅಳೆದ್ರಿ?"

"ನಿಂದೇ."

ಟೇಪಿನ ತುದಿಯನ್ನು ನನ್ನ ಕಣ್ಣಿಗೆ ಹಿಡಿದಳು. ಶುರುವಾಗುವುದೇ ಮೂರು ಇಂಚಿನ ಗೆರೆಯಿಂದ. ಮೂರು ಸಲ ಅಳೆದದ್ದಕ್ಕೆ ಒಂಬತ್ತು ಇಂಚು — ಒಂದು ಗೇಣು.

"ತುದಿ ಎಳೆ ಬಿಟ್ಕೊಂಡಿತ್ತು, ಕತ್ತರಿಸ್ದೆ. ಹನ್ನೊಂದು ವರ್ಷ ಆಯ್ತು. ನಾನು ಮನಸ್ಸಲ್ಲೇ ಮೂರು ಕಳೀತೀನಿ. ಹೊಸದು ತನ್ರೀ ಅಂತ ಎಷ್ಟು ಸಲ ಬಡ್ಕೊಂಡೆ..."

ಬಸ್ ದರ ಏರಿದ ತಾರೀಖುಗಳೆಲ್ಲ ನನಗೆ ಬಾಯಿಪಾಠ. ಇದು ನೆನಪಿಲ್ಲ. ಒಂದು ಸಲದ್ದೂ.

"ನನ್ನನ್ನ ಮೂಲೆ ತಿರುಗಿಸಿ ಪಕ್ಕದ ಗೋಡೆಗೆ ಅಂಟಿಸಿದ್ರಾಯ್ತು ಬಿಡಿ" ಎಂದಳು. "ಆ ಹೆಂಗಸಿಗೆ ಏನ್ ಮಾಡ್ತೀರಿ?"

ಮಾರ್ಚ್ 14
ಅಂಗಡಿಗೆ ಹೋದೆ. ಮಷೀನಿನ ಮುಂದೆ ಬೇರೆ ಯಾರೋ. ನನ್ನನ್ನು ಕಂಡು ಮಾಲೀಕ ಎದ್ದು ನಿಂತ. "ಕ್ಷಮಿಸ್ಬೇಕು ಸಾರ್, ಆಯಮ್ಮನ್ನ ಪೇಪರ್ ನೋಡಿದ ದಿನಾನೇ ಕೆಲಸದಿಂದ ಬಿಡಿಸ್ದೆ. ಸರಿಯಾಗೇ ಬರ್ಕೊಂಡಿದ್ದೆ ಅಂತ ಒಂದೇ ಹಟ..."

ನಾನು ತಲೆಯಾಡಿಸಿದೆ. ತಲೆಯಾಡಿಸಿ ಬಂದೆ! ದಾರಿಯಲ್ಲಿ ಹೊಸ ಟೇಪ್ ಕೊಂಡೆ. ಹೆಂಡತಿ ಮುಟ್ಟಲಿಲ್ಲ.

ಮಾರ್ಚ್ 17, ಮಧ್ಯಾಹ್ನ
ಎಷ್ಟು ಪತ್ರಿಕೆಗಳಲ್ಲಿ ತಿದ್ದುಪಡಿ ಹಾಕಿಸಿದ್ದೇನೆ... "ಮೂಲೆಯಲ್ಲಿ ಬೇಡ, ತಪ್ಪು ಬಂದ ಜಾಗದಲ್ಲೇ ಹಾಕಿ" ಎಂದು ಜಗಳವಾಡಿ.

ಈಗ ನನ್ನದೇ ತಿದ್ದುಪಡಿ. ಮೊದಲ ಕರಡಿನಲ್ಲಿ "ಟೇಪಿನ ದೋಷ" ಎಂದಿತ್ತು. ಹೆಂಡತಿ ಓದಿದಳು. "ಟೇಪೇನ್ ಮಾಡ್ತು ಪಾಪ?" ಹರಿದೆ. ಎರಡನೆಯದರಲ್ಲಿ "ಸಂವಹನದ ಲೋಪ". ಅದನ್ನು ಅವಳಿಗೆ ತೋರಿಸದೆಯೇ ಹರಿದೆ.

ಈಗ —

ಮಾನ್ಯರೇ, ಹನ್ನೆರಡನೇ ತಾರೀಖು ಪ್ರಕಟವಾದ ನನ್ನ ಪತ್ರ ಸುಳ್ಳು. ಆ ಅಂಗಡಿಯ ಹೆಂಗಸು ಬರೆದುಕೊಂಡದ್ದು ಸರಿಯಾಗಿತ್ತು. ತಪ್ಪು ಅಳೆದವನು ನಾನು.